ಬೇಗ ಬಿಟ್ಟ ಬಾಣ

ಪ್ರತಿಯೊಬ್ಬರ ಮೈಯಲ್ಲೂ ಹೇಳಿದ ಮಾತು ಕೇಳದ ಅಂಗ ಒಂದಾದರೂ ಇರುತ್ತದೆ ಎಂದು ನನ್ನ ನಂಬಿಕೆ. ನನ್ನ ಸೋದರಮಾವನಿಗೆ ಅದು ಬಾಯಿ. ಸಾವಿನ ಮನೆಗೆ ಹೋದರೆ ಸಾಕು, ಅವರಿಗೆ ನಗು ಬರುತ್ತಿತ್ತು. ದುಃಖವಿಲ್ಲವೆಂದಲ್ಲ, ಒಳಗೆ ಸಂಕಟಪಡುತ್ತಲೇ ಹೊರಗೆ ನಗುತ್ತಿದ್ದರು. ಕೊನೆಗೆ ಅವರೇ ಒಂದು ಉಪಾಯ ಮಾಡಿಕೊಂಡರು. ಬಾಯಿಗೆ ಟವಲು ಒತ್ತಿಕೊಂಡು, ಭುಜ ಕುಲುಕಿಸುತ್ತಾ ಒಂದು ಮೂಲೆಯಲ್ಲಿ ಕೂತುಬಿಡುತ್ತಿದ್ದರು. ಇಷ್ಟು ಕರುಳಿರುವ ಮನುಷ್ಯ ಮಾಂಬಲದಲ್ಲಿ ಇನ್ನೊಬ್ಬನಿಲ್ಲ ಎಂದು ಊರೆಲ್ಲ ಹೊಗಳಿತು. ನನ್ನಲ್ಲಿ ಕೈಕೊಟ್ಟದ್ದು ಬಲಗೈಯ ಮೂರು ಬೆರಳು. ಅವಕ್ಕೆ ಒತ್ತಿಕೊಳ್ಳಲು ಟವಲು ಸಿಗಲಿಲ್ಲ. ಅದರಿಂದ ಒಂದು ಪ್ರಾಣಿಗೂ ಒಬ್ಬ ಮನುಷ್ಯನಿಗೂ ಆದ ಕಷ್ಟವನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡಿಗರು ನಾವು. ನಾನು ಕಡಲತೀರದ ಬೀಚ್ ಸ್ಟೇಷನ್ನಿನ ಹತ್ತಿರ ಒಂದು ಕಂಪೆನಿಯಲ್ಲಿ ಗುಮಾಸ್ತನಾಗಿದ್ದೆ. ದಿನಾ ಬೆಳಿಗ್ಗೆ ನಮ್ಮ ಮನೆಯಿದ್ದ ಮಾಂಬಲದಲ್ಲಿ ಎಲೆಕ್ಟ್ರಿಕ್ ರೈಲು ಹತ್ತುವುದು, ಸಂಜೆ ಅದರಲ್ಲೇ ಇಳಿಯುವುದು. ಅಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಲಯನೆಲ್ ಎಂಬ ಆಂಗ್ಲೋ ಇಂಡಿಯನ್. ವಯಸ್ಸು ಐವತ್ತು ದಾಟಿತ್ತು, ತೆಳ್ಳಗೆ ಉದ್ದಕ್ಕೆ ಇದ್ದರು, ಯಾವ ಕೆಲಸವನ್ನೂ ಅವಸರದಿಂದ ಮಾಡಿದ್ದನ್ನು ನಾನು ನೋಡಲಿಲ್ಲ. ರಾಯಪುರದಲ್ಲಿ ಅವರ ಮನೆ. ಹಿತ್ತಲಿನಲ್ಲಿ ನಿಂತರೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಆ ಹಿತ್ತಲಿನ ಗೋಡೆಗೆ ಹುಲ್ಲಿನ ದೊಡ್ಡ ಚಕ್ರವೊಂದನ್ನು ಒರಗಿಸಿ, ಅದರ ಮೇಲೆ ಬಣ್ಣದ ಬಳೆಗಳನ್ನು ಬರೆದು, ಭಾನುವಾರ ಬಿಲ್ಲು ಹಿಡಿದು ನಿಲ್ಲುವುದು ಅವರ ಅಭ್ಯಾಸ. ಬಿಲ್ಲನ್ನು ಅವರೇ ಬಿದಿರು ಸೀಳಿ, ಅಂಟಿಸಿ ಮಾಡುತ್ತಿದ್ದರು. ಒಮ್ಮೆ ಯಾವುದೋ ಬೀಗದ ಕೈ ಕೊಡಲು ಅವರ ಮನೆಗೆ ಹೋದ ನನ್ನ ಕೈಗೆ ಅದನ್ನು ಕೊಟ್ಟು, "ಎಳೆದು ನೋಡು, ಮ್ಯಾನ್" ಎಂದರು. ಎಳೆದೆ, ಬಿಟ್ಟೆ. ಬಾಣ ನಡುವಿನ ಹಳದಿಗೆ ಹೋಗಿ ನಾಟಿಕೊಂಡಿತು. ಎರಡನೆಯದೂ ಹಾಗೆಯೇ. ಲಯನೆಲ್ ಒಳಗಿದ್ದ ಹೆಂಡತಿಯನ್ನು ಕೂಗಿದರು: "ಡೊರೊತಿ, ಬಾ ಇಲ್ಲಿ. ಈ ಮನುಷ್ಯ ಇಷ್ಟು ದಿನ ಫೈಲು ಕಟ್ಟುತ್ತಾ ಕೂತಿದ್ದಾನೆ!"

ಹೊಗಳಿಕೆ ಬಹಳ ಕೆಟ್ಟದ್ದು, ಅದರಲ್ಲೂ ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಸಿಕ್ಕಿದರೆ. ಅದುವರೆಗೆ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ಕೈಬರಹ ಚೆನ್ನಾಗಿದೆ ಎಂದು ಹೆಡ್ ಕ್ಲಾರ್ಕ್ ಒಮ್ಮೆ ಅಂದಿದ್ದರು, ಆಮೇಲೆ ನೋಡಿದರೆ ಅದು ಬೇರೆಯವರ ಬರಹ. ನಾನು ಪ್ರತಿ ಭಾನುವಾರ ರಾಯಪುರಕ್ಕೆ ಹೋಗತೊಡಗಿದೆ. ಆ ವರ್ಷ ಆಫೀಸಿನ ಆಟೋಟಗಳಲ್ಲಿ ಲಯನೆಲ್ ಬಿಲ್ಲಿನ ಪಂದ್ಯವನ್ನೂ ಸೇರಿಸಿದರು, ಬಹುಮಾನದ ಕಪ್ ನನಗೆ ಬಂತು. ಪುರಾಣದ ಬಿಲ್ಲುಗಾರರ ಹೆಸರನ್ನೆಲ್ಲ ಸಹೋದ್ಯೋಗಿಗಳು ನನಗೆ ಅಂಟಿಸಿದರು. ನಾನು "ಛೆ ಛೆ" ಎನ್ನುತ್ತಿದ್ದೆ. ಆದರೆ ರೈಲಿನಲ್ಲಿ ಮೇಲಿನ ಬಳೆಗೆ ಜೋತುಬಿದ್ದು ನಿಂತಾಗ ನನ್ನ ತೋಳನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ರೋಗ ಶುರುವಾದದ್ದು ಮುಂದಿನ ವರ್ಷ. ಬಿಲ್ಲು ಎಳೆದು, ಬಾಣದ ಮೊನೆಯನ್ನು ಮೆಲ್ಲಗೆ ಹಳದಿಯ ಕಡೆಗೆ ತರಬೇಕು, ತಂದು ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಬೇಕು, ಆಮೇಲೆ ಬಿಡಬೇಕು. ಒಂದು ಭಾನುವಾರ ಮೊನೆ ಇನ್ನೂ ಕೆಳಗಿನ ಕಪ್ಪು ಬಳೆಯಲ್ಲಿರುವಾಗಲೇ ಬೆರಳು ಬಿಚ್ಚಿಕೊಂಡಿತು. ಬಿಡು ಎಂದು ನಾನು ಹೇಳಿರಲಿಲ್ಲ. ಕಡಲ ಗಾಳಿ ಅಂದುಕೊಂಡೆ. ಮುಂದಿನ ವಾರ ದಾರ ಸರಿಯಿಲ್ಲ ಎಂದೆ. ಅದರ ಮುಂದಿನ ವಾರ ಕಾಫಿ ಜಾಸ್ತಿಯಾಯಿತೆಂದು ಕಾಫಿ ಬಿಟ್ಟೆ. ಅದರಿಂದ ಬಾಣ ಸುಧಾರಿಸಲಿಲ್ಲ, ಮನೆಯಲ್ಲಿ ಎಲ್ಲರ ಮೇಲೂ ರೇಗತೊಡಗಿದೆ. ಹಳದಿಯನ್ನು ನೋಡಿದರೆ ಎದೆ ಡವಗುಟ್ಟುತ್ತಿತ್ತು. ಬಾಣವಿಲ್ಲದೆ ಎಳೆದರೆ ಕೈ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಬಾಣ ಹೂಡಿದರೆ ಬೆರಳು ಬಿಸಿ ಪಾತ್ರೆ ಮುಟ್ಟಿದಂತೆ ಹಾರುತ್ತಿತ್ತು.

ಈಗ ಇದಕ್ಕೆ ಟಾರ್ಗೆಟ್ ಪ್ಯಾನಿಕ್ ಎನ್ನುತ್ತಾರಂತೆ. ಆಗ ಲಯನೆಲ್ ಇದನ್ನು ಕರೆಯುತ್ತಿದ್ದದ್ದು ಗೋಲ್ಡ್ ಶೈ ಎಂದು. ನಡುವಿನ ಹಳದಿಗೆ ಬಿಲ್ಲುಗಾರರು ಚಿನ್ನ ಅನ್ನುತ್ತಾರೆ. ಅದನ್ನು ಕಂಡರೆ ನಾಚಿಕೆ. ಅವರ ಜೊತೆ ಬಿಲ್ಲು ಹಿಡಿಯುತ್ತಿದ್ದ ಒಬ್ಬ ಎಂಜಿನ್ ಡ್ರೈವರಿಗೆ ಹಾಗಾಗಿತ್ತಂತೆ. "ಒಳ್ಳೆಯ ಗುರಿಕಾರ, ಮ್ಯಾನ್. ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ. ಮೊದಲೇ ಹೇಳಿದ್ದರೆ ವಾಸಿಮಾಡಬಹುದಿತ್ತು. ಈಗ ಗುಲಾಬಿ ಗಿಡ ಬೆಳೆಸುತ್ತಾನೆ" ಎಂದು ಒಂದು ದಿನ ತಾವಾಗಿಯೇ ಹೇಳಿದರು. ನಾನು ಆ ಡ್ರೈವರಿನ ಬಗ್ಗೆ ಬಹಳ ಮರುಕ ತೋರಿಸಿದೆ. ನನ್ನದೂ ಅದೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಹೇಳಲಿಲ್ಲ. ಮೊನೆ ಹಳದಿಯನ್ನು ದಾಟಿಹೋಗುವ ಕ್ಷಣಕ್ಕೆ ಸರಿಯಾಗಿ ಬೆರಳು ಹಾರುವಂತೆ ಕೈಯನ್ನೇ ಜೋರಾಗಿ ಮೇಲೆತ್ತುವ ಒಂದು ಕಳ್ಳತನವನ್ನು ಕಲಿತುಕೊಂಡೆ. ಹತ್ತರಲ್ಲಿ ಆರು ಸರಿ ಬೀಳುತ್ತಿದ್ದವು. ಮನೆಯಲ್ಲಿ ಯಾರದೋ ಕಾಯಿಲೆ ಎಂಬಂತೆ ಹೆಂಡತಿ ಕಮಲಳಿಗೆ ಇದನ್ನು ಹೇಳಿದೆ. ಅವಳು ಸಾಂಬಾರು ಕಲಕುತ್ತಾ, "ಚಿನ್ನ ಕಂಡ್ರೆ ನಾಚಿಕೆನಾ? ಅದು ನಿಮಗೆ ಕಲ್ಯಾಣ ಆದಾಗಿಂದ ಇದ್ಯಲ್ಲ, ಪುದುಸಾ ಏನಿದೆ ಅದ್ರಲ್ಲಿ?" ಎಂದು ತಮಿಳು ಬೆರೆತ ತನ್ನ ಕನ್ನಡದಲ್ಲಿ, ಹೊಸದೇನಿದೆ ಎಂಬಂತೆ ಕೇಳಿದಳು.

ಮಳೆಗಾಲ ಮುಗಿದ ಮೇಲೆ ಲಯನೆಲ್ ಒಂದು ಸುದ್ದಿ ತಂದರು. ತಿರುವಳ್ಳೂರಿನಿಂದ ಆಚೆ, ಬೆಟ್ಟದ ಬುಡದಲ್ಲಿ ಮುನಿರತ್ನಂ ಎಂಬ ರೈತರು ಅವರಿಗೆ ಹಳೆಯ ಪರಿಚಯ. ಅವರ ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ಬೀಳುತ್ತಿದೆ, ಹೊಡೆಯಲು ಅಪ್ಪಣೆ ಸಿಕ್ಕಿದೆ, ನೀನೂ ಬಾ ಎಂದರು. ಲಯನೆಲ್ ಕೋವಿ ಬಿಟ್ಟು ಬಹಳ ಕಾಲವಾಗಿತ್ತು. ಹೊಡೆಯುವುದಾದರೆ ಹತ್ತಿರ ಹೋಗಿ ಬಿಲ್ಲಿನಲ್ಲೇ ಹೊಡೆಯಬೇಕು, ಒಂದೇ ಬಾಣದಲ್ಲಿ ಬೀಳಿಸಬೇಕು, ಇಲ್ಲದಿದ್ದರೆ ಬಿಡಲೇಬಾರದು ಎಂಬುದು ಅವರ ಕಟ್ಟುನಿಟ್ಟು. ಏಕಾದಶಿಗೆ ಈರುಳ್ಳಿಯನ್ನೂ ಮುಟ್ಟದ ಮನೆತನದ ನಾನು ಇಲ್ಲ ಎನ್ನಬೇಕಾಗಿತ್ತು. ಆದರೆ ಇಡೀ ಆಫೀಸಿನಲ್ಲಿ ಕರೆದದ್ದು ನನ್ನೊಬ್ಬನನ್ನು. ಹೊರಡುವ ಹಿಂದಿನ ದಿನ ಲಯನೆಲ್ ನನ್ನ ಮುಖ ನೋಡಿ ಕೇಳಿದರು: "ರಾವ್, ಹಿಡಿತ ಸರಿಯಾಗಿದೆಯಾ? ಸರಿಯಿಲ್ಲದಿದ್ದರೆ ಹೇಳು. ಸುಮ್ಮನೆ ನೋಡೋದಕ್ಕೆ ಬಾ. ಅದರಲ್ಲಿ ಅವಮಾನ ಇಲ್ಲ."

"ಫಸ್ಟ್ ಕ್ಲಾಸ್" ಎಂದೆ.

ಮನೆಯಲ್ಲಿ ಹಂದಿ ಓಡಿಸಲು ಹೋಗುತ್ತಿದ್ದೇನೆ ಎಂದು ಹೇಳಿದೆ. ಹೊಡೆಯುವುದು ಅನ್ನುವ ಮಾತು ನಮ್ಮ ಅಡುಗೆಮನೆಯ ಹತ್ತಿರ ಸುಳಿಯುವಂತಿರಲಿಲ್ಲ. ಅಮ್ಮ ಜಪದ ಮಣೆಯಿಂದಲೇ, "ಹಂದಿ ಓಡ್ಸಕ್ಕೆ ಅಷ್ಟು ದೂರ ಯಾಕೋ ಹೋಗ್ಬೇಕು? ನಮ್ಮ ಬೀದಿ ಕೊನೇಲೇ ಇದಾವಲ್ಲ, ಕೊಳಾಯಿ ಹತ್ರ ನಿಲ್ಲಕ್ಕೇ ಬಿಡಲ್ಲ" ಎಂದರು. ಮಗಳು ಸುಧಾ ಹಂದಿ ಕಚ್ಚುತ್ತದೆಯೇ ಎಂದು ತಮಿಳಿನಲ್ಲಿ ವಿಚಾರಿಸಿದಳು. "ಅಪ್ಪಾ, ಪನ್ನಿ ಕಡಿಕ್ಕುಮಾ?" ಇಲ್ಲಮ್ಮ, ಅಪ್ಪನನ್ನು ಕಂಡರೆ ಓಡುತ್ತದೆ ಎಂದೆ.

ಹೊಲದ ಅಂಚಿನಲ್ಲಿ ಎರಡು ಹುಣಸೆ ಮರ. ಒಂದರ ಮೇಲೆ ಲಯನೆಲ್, ಇನ್ನೊಂದರ ಮೇಲೆ ನಾನು. ಕೂರಲು ಮುನಿರತ್ನಂ ಹಗ್ಗದ ಮಂಚವನ್ನು ಕಟ್ಟಿಕೊಟ್ಟಿದ್ದರು. ಕಟ್ಟುವಾಗ ನನ್ನ ಕೈಹಿಡಿದು, "ಎಲ್ಲಾಂ ಪೋಚ್ಚು ಸಾಮಿ, ಎಲ್ಲ ಹೋಯ್ತು, ಪಾದಿ ಹೊಲ, ಅರ್ಧಕ್ಕರ್ಧ, ಅದೇ ತಿಂದುಬಿಟ್ಟಿದೆ" ಎಂದು ಅರ್ಧ ತಮಿಳು ಅರ್ಧ ಅಳುವಿನಲ್ಲಿ ಹೇಳಿದ್ದರು. ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆಯಿದೆ ಅನ್ನುವಾಗ ಹಂದಿ ಬಂತು. ಮಾಂಬಲದ ಹಂದಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಎಮ್ಮೆ ಕರುವಿನಷ್ಟು ಎತ್ತರ, ಬೆನ್ನ ಮೇಲೆ ನಿಂತ ಕೂದಲು. ಅದು ನನ್ನ ಮರದ ಬುಡಕ್ಕೇ ಬಂದು, ತಲೆ ತಗ್ಗಿಸಿ, ಬಹಳ ಶ್ರದ್ಧೆಯಿಂದ ಕಡಲೆಕಾಯಿ ಕೀಳತೊಡಗಿತು. ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು, ಮುಂಗಾಲಿನ ಹಿಂದೆ ಗುರಿಯಿಡಬೇಕು, ನಿಲ್ಲಿಸಬೇಕು, ಬಿಡಬೇಕು. ಎಲ್ಲ ನೆನಪಿತ್ತು. ಅದು ತಿರುಗಿತು. ನಾನು ಎಳೆದೆ. ಮೊನೆ ಇನ್ನೂ ಅದರ ಹಿಂಗಾಲಿನ ಬಳಿ ಇತ್ತು, ಮುಂದಕ್ಕೆ ತರಬೇಕು ಅಂದುಕೊಳ್ಳುತ್ತಿದ್ದೇನೆ, ಬೆರಳು ಹಾರಿತು. ಬಾಣ ತೊಡೆಯಲ್ಲಿ ಸಿಕ್ಕಿಕೊಂಡಿತು. ಹಂದಿ ಒಮ್ಮೆ ಕೂಗಿ, ಅದನ್ನು ಎಳೆದುಕೊಂಡು, ಹಳ್ಳದ ಮುಳ್ಳುಕಂಟಿಯೊಳಗೆ ನುಗ್ಗಿಹೋಯಿತು. ಆ ಕೂಗನ್ನು ವರ್ಣಿಸಲು ನನಗೆ ಇಷ್ಟವಿಲ್ಲ.

ಲಯನೆಲ್ ಮರದಿಂದ ಇಳಿದು ಬಂದರು. ಬಯ್ಯಲಿಲ್ಲ. "ಎಷ್ಟು ದಿನದಿಂದ?" ಎಂದು ಮಾತ್ರ ಕೇಳಿದರು. "ಎಂಟು ತಿಂಗಳು" ಎಂದೆ. ತಲೆಯಾಡಿಸಿದರು. ಬಾಣ ಹೊತ್ತ ಪ್ರಾಣಿಯನ್ನು ಹಾಗೆಯೇ ಬಿಟ್ಟು ಹೋಗುವಂತಿಲ್ಲ. ಅದರ ನೋವು ಒಂದು, ಬೆಳಿಗ್ಗೆ ಹೆಂಗಸರು ಸೌದೆಗೆಂದು ಅದೇ ಹಳ್ಳಕ್ಕೆ ಬರುತ್ತಾರೆ ಎಂಬುದು ಇನ್ನೊಂದು. ಕತ್ತಲಾದ್ದರಿಂದ ಬೆಳಗಾಗುವವರೆಗೆ ಕಾದು, ಬೆಳಕು ಹರಿಯುತ್ತಲೇ ಹಳ್ಳಕ್ಕೆ ಇಳಿದೆವು. ಮುಂದೆ ಲಯನೆಲ್, ಹತ್ತು ಹೆಜ್ಜೆ ಹಿಂದೆ ನಾನು. ಇಬ್ಬರ ಬಿಲ್ಲಿನಲ್ಲೂ ಬಾಣ. ಬೇಡವೆಂದರೂ ಕೇಳದೆ ಮುನಿರತ್ನಂ ಈಟಿ ಹಿಡಿದು ಮೇಲಿನ ದಂಡೆಯ ಮೇಲೆ ಬರುತ್ತಿದ್ದರು. ಕಂಟಿ ಅಲುಗಿತು. ಹಂದಿ ಬಂದದ್ದು ಲಯನೆಲ್ಲರ ಎಡಗಡೆಯಿಂದ. ಅವರಿಗೆ ತಿರುಗಲು ಸಮಯವಿರಲಿಲ್ಲ, ನನಗೆ ನೇರವಾಗಿ ಕಾಣುತ್ತಿತ್ತು. "ಶೂಟ್, ಮ್ಯಾನ್!" ಎಂದು ಕೂಗಿದರು. ನಾನು ಎಳೆದೆ. ಮೊನೆ ಸರಿಯಾದ ಜಾಗದಲ್ಲೇ ಇತ್ತು. ಹಿಂದಿನ ಸಂಜೆ ಬೇಡವೆಂದರೂ ಹಾರಿದ ಬೆರಳು ಈಗ ಬೇಕೆಂದರೂ ಬಿಚ್ಚಿಕೊಳ್ಳಲಿಲ್ಲ. ದಾರಕ್ಕೆ ಅಂಟಿಕೊಂಡು ಕೂತುಬಿಟ್ಟಿತು. ಹಂದಿ ಲಯನೆಲ್ಲರ ಮೊಣಕಾಲಿನ ಕೆಳಗೆ ಕೋರೆಯಿಂದ ಸೀಳಿ ಅವರನ್ನು ಕೆಡವಿತು. ಬಿದ್ದಲ್ಲಿಂದಲೇ ಅವರು ಬಿಟ್ಟ ಬಾಣ ಅದರ ಎದೆಗೆ ಹೊಕ್ಕಿತು. ಅದು ಎರಡು ಹೆಜ್ಜೆ ನಡೆದು ಮಲಗಿತು. ನಾನು ಇನ್ನೂ ಬಿಲ್ಲು ಎಳೆದೇ ನಿಂತಿದ್ದೆ. ಮುನಿರತ್ನಂ ಇಳಿದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಕಾಲಿಗೆ ನನ್ನ ಪಂಚೆ ಸುತ್ತಿ ಸ್ಟೇಷನ್ನಿಗೆ ಕರೆದುಕೊಂಡು ಹೊರಟೆವು. ನಾನು ಷರಟು ಚಡ್ಡಿಯಲ್ಲಿ ಪಕ್ಕದಲ್ಲಿ ಕೂತಿದ್ದೆ. ಆ ನೋವಿನಲ್ಲೂ ಲಯನೆಲ್ಲರಿಗೆ ನನ್ನನ್ನು ನೋಡಿ ಒಂದು ಸಲ ನಗು ಬಂತು. ಆಮೇಲೆ ಹೇಳಿದರು: "ರಾವ್, ಕೇಳು. ಮೊದಲನೆಯ ಬಾಣವೂ ನನ್ನದೇ."

"ಅದು ಹೇಗೆ ಸಾರ್..."

"ನಿನ್ನ ತಾಯಿ ಏನಂದಾರು? ಮಗ ಹಂದಿಗೆ ಬಾಣ ಹೊಡೆದ ಅಂದರೆ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮತ್ತೆ ಡೊರೊತಿ. ನಿನ್ನ ಬಾಣ ಅಂತ ಗೊತ್ತಾದರೆ ನನ್ನ ಹಿತ್ತಲಿಗೆ ನಿನ್ನನ್ನು ಬಿಡಲ್ಲ. ಹಿತ್ತಲಿಗೆ ಬರದೆ ಇದ್ದರೆ ನಿನ್ನ ಬೆರಳನ್ನು ಯಾರು ವಾಸಿಮಾಡೋರು?"

ನಾನು ಆಗಲೇ, ಆ ಗಾಡಿಯಲ್ಲೇ, ಆಗದು ಎನ್ನಬೇಕಿತ್ತು. ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ಕಣ್ಣೀರು ಬಂದರೆ ಮಾತಿನ ಸಾಲ ತೀರಿತು ಎಂದು ಆ ಕಾಲದಲ್ಲಿ ನನಗೊಂದು ಭ್ರಮೆಯಿತ್ತು.

ಆಸ್ಪತ್ರೆಯಲ್ಲಿ ಡೊರೊತಿಯವರು ಗಂಡನಿಗೆ ಬಯ್ದದ್ದನ್ನು ನಾನು ಮಂಚದ ಪಕ್ಕದಲ್ಲಿ ನಿಂತು ಕೇಳಿದೆ. "ಈ ವಯಸ್ಸಿನಲ್ಲಿ ಎಂಥ ಅವಸರ ನಿನಗೆ? ಹುಡುಗರ ಹಾಗೆ ಬಾಣ ಬಿಡೋದಾ? ನೋಡು ಮಿಸ್ಟರ್ ರಾವ್ ಅವರನ್ನು, ಎಷ್ಟು ಶಾಂತವಾಗಿದ್ದಾರೆ! ಅವರಿಂದ ಕಲಿ!" ಲಯನೆಲ್ ಕಣ್ಣು ಮುಚ್ಚಿಕೊಂಡು "ಯೆಸ್ ಡಾರ್ಲಿಂಗ್" ಎಂದರು. ನಾನು ಶಾಂತವಾಗಿ ನಿಂತಿದ್ದೆ. ಆಫೀಸಿನಲ್ಲಿ ಗಾಯಾಳುವನ್ನು ಕಾಡಿನಿಂದ ಹೊತ್ತು ತಂದವನು ಎಂದು ನನಗೆ ಒಂದು ಸಣ್ಣ ಸಭೆ ಮಾಡಿ ನಿಂಬೆಹಣ್ಣು ಕೊಟ್ಟರು. ಮನೆಯಲ್ಲಿ ಅಮ್ಮ ದೃಷ್ಟಿ ತೆಗೆದರು. ಕಮಲ ನೆರೆಮನೆಯವರಿಗೆಲ್ಲ, "ನಮ್ಮವರಿಲ್ಲದೆ ಇದ್ರೆ ಆ ದೊರೆ ಉಸುರೇ ಪೋಯಿರುಕ್ಕುಂ" ಎಂದು, ನಾನಿಲ್ಲದಿದ್ದರೆ ಅವರ ಪ್ರಾಣವೇ ಹೋಗುತ್ತಿತ್ತೆಂದು, ಹೇಳಿಕೊಂಡು ಬಂದಳು.

ಇಷ್ಟೇ ಆಗಿದ್ದರೆ ಹೇಗೋ ಮರೆಯುತ್ತಿದ್ದೆನೋ ಏನೋ. ಆದರೆ ಲಯನೆಲ್ ದಂಪತಿಗಳು ಆ ಬೇಸಿಗೆಗೆ ಆಸ್ಟ್ರೇಲಿಯದಲ್ಲಿ ನೆಲೆಸಲು ಹೊರಡುವವರಿದ್ದರು. ಅವರ ಒಬ್ಬಳೇ ಮಗಳು ಐರೀನ್ ಎರಡು ವರ್ಷ ಮೊದಲೇ ಚಿಕ್ಕಪ್ಪನ ಜೊತೆ ಅಲ್ಲಿಗೆ ಹೋಗಿದ್ದಳು. ಅವಳ ಮದುವೆ ಗೊತ್ತಾಗಿತ್ತು. ಅವರ ಪದ್ಧತಿಯಲ್ಲಿ ಮಗಳ ಕೈ ಹಿಡಿದು ಚರ್ಚಿನೊಳಗೆ ನಡೆಸಿಕೊಂಡು ಹೋಗುವವನು ತಂದೆ. ಸೀಳಿದ ಕಾಲು ಕೀವು ಕಟ್ಟಿತು, ಎರಡು ಸಲ ಕೊಯ್ದರು, ಪ್ರಯಾಣಕ್ಕೆ ಮುಂಚಿನ ವೈದ್ಯರ ಪರೀಕ್ಷೆಯಲ್ಲಿ ಲಯನೆಲ್ ಪಾಸಾಗಲಿಲ್ಲ, ಪ್ರಯಾಣ ಒಂದೂವರೆ ವರ್ಷ ಮುಂದಕ್ಕೆ ಹೋಯಿತು. ಮದುವೆ ಮುಂದಕ್ಕೆ ಹೋಗಲಿಲ್ಲ. ಫೋಟೋ ಅಂಚೆಯಲ್ಲಿ ಬಂತು. ಐರೀನಳ ಪಕ್ಕದಲ್ಲಿ ಕೋಟು ಹಾಕಿದ ಚಿಕ್ಕಪ್ಪ. ಲಯನೆಲ್ ಅದನ್ನು ನನಗೆ ತೋರಿಸಿ, "ಇವನ ಟೈ ನೋಡು, ಸೊಟ್ಟಗಿದೆ" ಎಂದರು. ಅಷ್ಟು ಮಾತ್ರ. ಟೈ ನಿಜವಾಗಿಯೂ ಸೊಟ್ಟಗಿತ್ತು. ನಾನು ಬಹಳ ಹೊತ್ತು ಆ ಟೈಯನ್ನೇ ನೋಡಿದೆ.

ಆ ಒಂದೂವರೆ ವರ್ಷವೂ ಪ್ರತಿ ಭಾನುವಾರ ಅವರು ನನ್ನ ಬೆರಳಿಗೆ ಚಿಕಿತ್ಸೆ ಮಾಡಿದರು. ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಊರುಗೋಲು ಕೈಯಲ್ಲಿ ಹಿಡಿದು ಕೂತಿರುತ್ತಿದ್ದರು. ಮೊದಲು ಹುಲ್ಲಿನ ಚಕ್ರಕ್ಕೆ ಮೂರು ಮಾರು ದೂರದಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ ಹೊಡೆಯಲು ಹೇಳಿದರು. ಗುರಿಯೇ ಕಾಣದಿದ್ದರೆ ಹೆದರುವುದು ಯಾವುದಕ್ಕೆ? ಎಷ್ಟೋ ವಾರ ಹೀಗೆ. ಆಮೇಲೆ ಕಣ್ಣು ಬಿಡಲು ಅಪ್ಪಣೆಯಾಯಿತು, ಬಾಣ ಬಿಡಲು ಅಪ್ಪಣೆಯಾಗಲಿಲ್ಲ. ಎಳೆಯಬೇಕು, ಹಳದಿಯ ಮೇಲೆ ಮೊನೆ ತರಬೇಕು, ಅವರು ಊರುಗೋಲಿನಿಂದ ನೆಲಕ್ಕೆ ಐದು ಸಲ ಕುಟ್ಟುವವರೆಗೆ ನಿಲ್ಲಿಸಬೇಕು, ಆಮೇಲೆ ಬಿಡದೆ ಹಾಗೆಯೇ ಇಳಿಸಬೇಕು. "ಬಿಡೋದು ಎಲ್ಲರಿಗೂ ಬರುತ್ತೆ, ಮ್ಯಾನ್. ಬಿಡದೆ ಇಳಿಸೋದನ್ನು ಕಲಿ." ಎರಡನೆಯ ಸಲ ಕುಟ್ಟುವಷ್ಟರಲ್ಲಿ ಬೆವರುತ್ತಿದ್ದೆ, ಮೂರನೆಯದಕ್ಕೆ ಬೆರಳು ಹಾರುತ್ತಿತ್ತು. ಅವರು ಮತ್ತೆ ಒಂದರಿಂದ ಶುರುಮಾಡುತ್ತಿದ್ದರು. ಹೀಗೆ ನಾನು ಯಾರನ್ನು ಕುಂಟನನ್ನಾಗಿ ಮಾಡಿದೆನೋ ಅವರ ಊರುಗೋಲಿನ ತಾಳಕ್ಕೆ ನನ್ನ ಕೈ ವಾಸಿಯಾಯಿತು. ನಡುವೆ ಡೊರೊತಿಯವರು ಟೀ ತರುತ್ತಿದ್ದರು. ನನಗಾಗಿ ಮೊಟ್ಟೆ ಹಾಕದೆ ಬೇರೆಯಾಗಿ ಮಾಡಿದ ಕೇಕು. ತಟ್ಟೆ ಕೊಟ್ಟು ಒಂದು ಕ್ಷಣ ನಿಲ್ಲುವರು, ನನ್ನ ಮುಖ ನೋಡುವರು. ಸಕ್ಕರೆ ಸಾಕೇ ಎಂದು ಕೇಳಲು ನಿಂತಿದ್ದಾರೆ ಎಂದುಕೊಂಡು ನಾನು "ಬಹಳ ಚೆನ್ನಾಗಿದೆ ಮೇಡಂ" ಎನ್ನುತ್ತಿದ್ದೆ.

ಕೈ ವಾಸಿಯಾಯಿತು, ಆದರೆ ಆಮೇಲೆ ಯಾವ ಪ್ರಾಣಿಯ ಮೇಲೂ ಬಿಲ್ಲೆತ್ತಲಿಲ್ಲ. ಆ ಹಂದಿ ಇಡೀ ರಾತ್ರಿ ನನ್ನ ಬಾಣವನ್ನು ಹೊತ್ತು ಮುಳ್ಳಿನಲ್ಲಿ ಕೂತಿತ್ತು. ಅದರ ಪರವಾಗಿ ಮಾತನಾಡಲು ಯಾರೂ ಇರಲಿಲ್ಲ.

ಅವರು ಹೊರಟ ದಿನ ಸೆಂಟ್ರಲ್ ಸ್ಟೇಷನ್ನಿಗೆ ಹೋದೆ. ಬೊಂಬಾಯಿಗೆ ಹೋಗಿ ಅಲ್ಲಿಂದ ಹಡಗು. ಇವತ್ತು ಡೊರೊತಿಯವರಿಗೆ ಹೇಳಿಬಿಡುತ್ತೇನೆ ಎಂದು ಮಾಂಬಲದಿಂದಲೇ ನಿರ್ಧಾರ ಮಾಡಿಕೊಂಡಿದ್ದೆ. ಆದರೆ ಪ್ಲಾಟ್‌ಫಾರಂ ಮೇಲೆ ಬೊಂಬಾಯಿಯ ಹವೆ, ಹಡಗಿನ ಊಟ, ರಾಯಪುರದ ಮನೆಗೆ ಬಂದ ಹೊಸ ಬಾಡಿಗೆದಾರರು, ಎಲ್ಲದರ ಬಗ್ಗೆಯೂ ಮಾತಾಡಿದೆ. ಗಾರ್ಡು ಸೀಟಿ ಊದಿದ. ಲಯನೆಲ್ ಒಳಗೆ ಪೆಟ್ಟಿಗೆ ಸರಿಮಾಡುತ್ತಿದ್ದರು. ಡೊರೊತಿಯವರು ಕಿಟಕಿಯಲ್ಲಿದ್ದರು. ನಾನು ಕಿಟಕಿಯ ಸರಳು ಹಿಡಿದು, ಒಂದೇ ಉಸಿರಿಗೆ, "ಮೇಡಂ, ಆ ಮೊದಲನೆಯ ಬಾಣ ನನ್ನದು. ಎರಡನೆಯ ದಿನ ನಾನು ಹೊಡೆಯಲೂ ಇಲ್ಲ" ಎಂದೆ.

ಅವರು ನನ್ನ ಕೈಯ ಮೇಲೆ ಕೈಯಿಟ್ಟರು. "ಗೊತ್ತು, ಮಿಸ್ಟರ್ ರಾವ್. ಲಯನೆಲ್ ಜೀವಮಾನದಲ್ಲಿ ಯಾವುದನ್ನೂ ಅವಸರದಲ್ಲಿ ಮಾಡಿದವನಲ್ಲ. ನನ್ನನ್ನು ಮದುವೆಯಾಗು ಅಂತ ಕೇಳೋದಕ್ಕೇ ನಾಲ್ಕು ವರ್ಷ ತೆಗೆದುಕೊಂಡ. ಅವನು ಬೇಗ ಬಾಣ ಬಿಟ್ಟ ಅಂದರೆ ನಾನು ನಂಬುತ್ತೇನಾ? ನೀವೇ ಹೇಳುತ್ತೀರಿ ಅಂತ ಪ್ರತಿ ಭಾನುವಾರ ಕಾದೆ."

ರೈಲು ಅಲುಗಿತು. ಏನಾದರೂ ಹೇಳಬೇಕೆಂದು ಸರಳು ಹಿಡಿದೇ ಜೊತೆಯಲ್ಲಿ ನಡೆದೆ, ಆಮೇಲೆ ಓಡಿದೆ. ಹೊರಗಿನ ಗಲಾಟೆ ಕೇಳಿ ಲಯನೆಲ್ ಬಾಗಿಲಿಗೆ ಬಂದು, ನನ್ನನ್ನು ನೋಡಿ ಗಾಬರಿಯಿಂದ ಕೂಗಿದರು: "ಕೈ ಬಿಡು, ಮ್ಯಾನ್! ಬಿಡು!" ಒಬ್ಬ ಪೋರ್ಟರು ನನ್ನ ಸೊಂಟ ಹಿಡಿದು ಎಳೆದುಕೊಂಡ. ಅವರು ಕೈಬೀಸುತ್ತಾ ಹೋದರು. ನಾನು ಹೇಳಿದ್ದು ಅವರಿಗೆ ತಿಳಿಯಿತೋ ಇಲ್ಲವೋ, ಡೊರೊತಿಯವರು ಹೇಳಿದರೋ ಇಲ್ಲವೋ, ಗೊತ್ತಿಲ್ಲ. ಕೆಲವು ವರ್ಷ ಕ್ರಿಸ್‌ಮಸ್ಸಿಗೆ ಕಾರ್ಡು ಬಂತು, ಆಮೇಲೆ ನಿಂತಿತು.

ಅವತ್ತು ಮನೆಗೆ ಬಂದಾಗ ಕಮಲ ಕಾಫಿ ಕೊಟ್ಟು ಕೇಳಿದಳು: "ಏನಂದ್ರು ಆ ಅಮ್ಮ? ಗಂಡನ ಉಸುರು ಕಾಪಾತ್ತಿದ್ದೀರಲ್ಲ, ಹೋಗೋ ದಿನವಾದ್ರೂ ಒಂದು ವಾರ್ತೆ ಶೊನ್ನಾಳಾ, ಒಂದು ಒಳ್ಳೆ ಮಾತು ಹೇಳಿದ್ಳಾ?"

"ಹೂಂ," ಎಂದೆ, "ಬಹಳ ಉಪಕಾರವಾಯಿತು ಅಂದರು."

ಅವಳು ಈಗಲೂ ಮೊಮ್ಮಕ್ಕಳಿಗೆ ಆ ಕಥೆ ಹೇಳುತ್ತಾಳೆ. ಅವಳ ಕಥೆಯಲ್ಲಿ ಹಂದಿಯನ್ನು ಕೊಂದವನೂ ಈಗೀಗ ನಾನೇ ಆಗಿದ್ದೇನೆ. ನಾನು ಪಕ್ಕದಲ್ಲಿ ಕೂತು ಪೇಪರು ಓದುತ್ತೇನೆ. ನಡೆದದ್ದನ್ನು ಒಮ್ಮೆಯಾದರೂ ನಡೆದ ಹಾಗೆ ಬರೆದಿಡಬೇಕೆಂದು ಇಷ್ಟು ಬರೆದೆ. ಕನ್ನಡದಲ್ಲೇ ಯಾಕೆ ಬರೆದೆ ಎಂದು ಕೇಳಿದರೆ ಮಾತೃಭಾಷೆಯ ಮೇಲಿನ ಅಭಿಮಾನ ಎಂದು ಹೇಳಿಕೊಳ್ಳಬಹುದು. ಆದರೆ ಕಮಲ ಓದಿದ್ದು ಇಲ್ಲಿಯ ತಮಿಳು ಶಾಲೆಯಲ್ಲಿ. ಕನ್ನಡ ಮಾತಾಡುತ್ತಾಳೆ, ಓದಲು ಅವಳಿಗೆ ಬರುವುದಿಲ್ಲ.